ಸಿಲೋನ್ ತಾತನ ಎಡೆ

ನಮ್ಮ ಮನೆಯಲ್ಲಿ ಟೀ ಕುಡಿಯುತ್ತಿರಲಿಲ್ಲ. ಹಂಗಳದಲ್ಲಿ ಊಟಿ ರಸ್ತೆಗೆ ಮುಖ ಮಾಡಿ ನಿಂತ ಮನೆ ಅದು. ಗೂಡಲೂರಿನ ಕಡೆಯಿಂದ ಟೀಪುಡಿಯ ಚೀಲ ಹೇರಿಕೊಂಡ ಲಾರಿಗಳು ಬಂಡೀಪುರದ ಕಾಡು ದಾಟಿ ನಮ್ಮ ಜಗುಲಿಯ ಮುಂದೆಯೇ ಗುಂಡ್ಲುಪೇಟೆಗೆ ಹೋಗುತ್ತಿದ್ದವು. ಬಸ್ಸು ನಿಲ್ಲುವಲ್ಲಿದ್ದ ಹೋಟೆಲಿನಲ್ಲಿ ಟೀ ಸಿಗುತ್ತಿತ್ತು, ಎದುರು ಮನೆಯವರು ಎರಡು ಹೊತ್ತೂ ಕಾಸುತ್ತಿದ್ದರು. ನಮ್ಮಲ್ಲಿ ಮಾತ್ರ ರಾಗಿ ಅಂಬಲಿ, ಮಜ್ಜಿಗೆ, ನೆಂಟರು ಬಂದರೆ ಬೆಲ್ಲದ ಕಾಫಿ. ಯಾಕೆಂದು ಯಾರೂ ಕೇಳುತ್ತಿರಲಿಲ್ಲ. ಅಜ್ಜಿಯ ಗಂಡನನ್ನು ಕರೆದುಕೊಂಡು ಹೋದದ್ದು ಟೀ ಗಿಡ ಎಂಬುದು ನಮಗೆ ತಿಳಿವಳಿಕೆ ಬರುವ ಮುಂಚೆಯೇ ಗೊತ್ತಿತ್ತು. ಮನೆ ಎಂದರೆ ಮುಂದೆ ಜಗುಲಿ, ಒಳಗೆ ಒಂದು ಪಕ್ಕಕ್ಕೆ ದನ ಕಟ್ಟುವ ಜಾಗ, ಇನ್ನೊಂದು ಪಕ್ಕಕ್ಕೆ ಕಿಟಕಿಯಿಲ್ಲದ ನಡುಮನೆ, ಅದರ ಹಿಂದೆ ಹೊಗೆ ಹಿಡಿದ ಅಡುಗೆಮನೆ. ನಡುಮನೆಯ ಮಾಡಿನಲ್ಲಿ ಒಂದು ಗಾಜಿನ ಹೆಂಚಿತ್ತು. ಹಗಲೆಲ್ಲ ಅದರ ಕೆಳಗೆ ಒಂದು ಚೌಕ ಬೆಳಕು ಗೋಡೆಯಿಂದ ಗೋಡೆಗೆ ಹೋಗುತ್ತಿತ್ತು. ಅಜ್ಜಿ ಅದರ ಹಿಂದೆಯೇ ಸರಿಯುತ್ತ ಅವರೆಕಾಯಿ ಸುಲಿಯುತ್ತಿದ್ದಳು. ಅವಳ ಕೈತುಂಬ ಹಸಿರು ಗಾಜಿನ ಬಳೆ, ಹಣೆಯಲ್ಲಿ ಅಂಗೈಯಗಲವೇನೋ ಎನ್ನಿಸುವ ಕುಂಕುಮ. ಇಷ್ಟನ್ನು ನಾನು ನಂಬಬಲ್ಲೆ. ಇದರ ಮುಂದಿನದರಲ್ಲಿ ಎಷ್ಟು ಕಂಡದ್ದು, ಎಷ್ಟು ಕೇಳಿದ್ದು, ಎಷ್ಟು ಆಮೇಲೆ ಓದಿ ಸೇರಿಸಿಕೊಂಡದ್ದು ಎಂದು ಬೇರೆ ಮಾಡಲು ನನ್ನಿಂದ ಇಷ್ಟು ವರ್ಷವಾದರೂ ಆಗಿಲ್ಲ.

ನನಗೆ ತಿಳಿಯಬೇಕಾದದ್ದು ಒಂದೇ. ನಾನು ನಾಲ್ಕನೆಯ ತರಗತಿಯಲ್ಲೋ ಐದನೆಯದರಲ್ಲೋ ಇದ್ದಾಗ, ಹಿರಿಯರಿಗೆ ಎಡೆ ಇಟ್ಟ ದಿನ ಗೂಡಲೂರು ಬಸ್ಸಿನಿಂದ ಇಳಿದು, ನಮ್ಮ ಮನೆಯಲ್ಲಿ ಉಂಡು, ಹೊತ್ತು ಮುಳುಗುವ ಮುಂಚೆ ಹೊರಟುಹೋದ ಮುದುಕ ಯಾರು?

ತಾತ ಹೋದ ಕಥೆಯನ್ನು ಅಜ್ಜಿ ಹೇಳುತ್ತಿದ್ದದ್ದು ಹೀಗೆ. ಅತ್ತೆ, ಅಂದರೆ ಅಪ್ಪನ ಅಕ್ಕ, ಆಗ ಸೊಂಟದ ಮೇಲಿನ ಕೂಸು. ಅಪ್ಪ ಇನ್ನೂ ಹೊಟ್ಟೆಯಲ್ಲಿದ್ದ. ತೆರಕಣಾಂಬಿಯ ಸಂತೆಯಲ್ಲಿ ತಮಿಳು ಸೀಮೆಯ ಒಬ್ಬ ಮೇಸ್ತ್ರಿ ಗಂಡಾಳುಗಳನ್ನು ಕೂಡಿಸುತ್ತಿದ್ದ. ಬೆಟ್ಟದ ಮೇಲೆ ಕೆಲಸ, ಆರು ತಿಂಗಳು, ಹೊದೆಯಲು ಕಂಬಳಿ ಅವರದೇ ಎಂದ. ಬೆಟ್ಟವೆಂದರೆ ನಮ್ಮ ಕಡೆಯವರಿಗೆ ಕಾಣುವ ನೀಲಗಿರಿ. ಮೇಸ್ತ್ರಿ ಹೇಳಿದ ಬೆಟ್ಟಕ್ಕೂ ನಮಗೂ ನಡುವೆ ಸಮುದ್ರವಿದೆಯೆಂದು ಯಾರಿಗೆ ಹೊಳೆಯಬೇಕು? ಅಜ್ಜಿ ಕಂಡ ದೊಡ್ಡ ನೀರು ಊರ ಕೆರೆ. ಸತ್ಯಮಂಗಲದವರೆಗೂ ಜೊತೆಯಲ್ಲಿ ಹೋಗಿ, ಕಾಲು ಹುಣ್ಣಾಗಿ ಹಿಂದಿರುಗಿದ ಒಬ್ಬ ಆಳು ಬಂದು ಹೇಳಿದ ಮೇಲೆಯೇ ಅವಳಿಗೆ ಗೊತ್ತಾದದ್ದು: ರೈಲು ಹತ್ತಿಸುತ್ತಾರಂತೆ, ಆಮೇಲೆ ಹಡಗು ಹತ್ತಿಸುತ್ತಾರಂತೆ, ಆ ಬೆಟ್ಟದ ಹೆಸರು ಸಿಲೋನಂತೆ. ಕೆಲವು ಸಲ ಈ ಕಥೆಯಲ್ಲಿ ಅಜ್ಜಿ ಬೇಡವೆಂದು ಕಾಲು ಹಿಡಿದಿದ್ದಳು. ಕೆಲವು ಸಲ ಅವಳೇ ಬುತ್ತಿ ಕಟ್ಟಿ ಕಳಿಸಿದ್ದಳು. ಹುಡುಗನಾಗಿದ್ದಾಗ ನನಗೆ ಇದು ಎರಡು ಕಥೆ ಅನ್ನಿಸಿರಲಿಲ್ಲ.

ಮುಂದೆ ಮೈಸೂರಿನಲ್ಲಿ ಓದಿ ಇದನ್ನೇ ಸಂಶೋಧನೆಯ ವಿಷಯ ಮಾಡಿಕೊಂಡೆ. ಸಮುದ್ರವನ್ನೇ ಕಾಣದ ಒಂದು ಬಯಲುಸೀಮೆ ಹೇಗೆ ಬ್ರಿಟಿಷರ ಹಡಗುಗಳಿಗೆ ಆಳು ತುಂಬಿತು ಎಂದು ಪತ್ರಾಗಾರಗಳಲ್ಲಿ ಕೂತು ಹುಡುಕಿದೆ. ದೊರೆಗಳ ಕಾಗದದಲ್ಲಿ ನಮ್ಮವರು ಇರಲಿಲ್ಲ. ಬಂದರಿನಲ್ಲಿ ಹೆಸರು ಬರೆದುಕೊಂಡವನಿಗೆ ದಕ್ಷಿಣದಿಂದ ಬಂದ ಕೂಲಿಯೆಂದರೆ ತಮಿಳನೇ. ಊರು ಯಾವುದೆಂದರೆ ಮೇಸ್ತ್ರಿಯ ಊರು. ಪುಟ್ಟಮಾದ ಎಂಬ ನನ್ನ ತಾತ ಯಾವ ಪಟ್ಟಿಯಲ್ಲೂ ಸಿಕ್ಕಲಿಲ್ಲ. ನನ್ನ ಗುರುಗಳು, ಒಳ್ಳೆಯ ಮನುಷ್ಯರು, ಕನ್ನಡಕ ಒರೆಸುತ್ತ, "ನಿಮ್ಮ ಆಧಾರ ಒಬ್ಬ ಅಜ್ಜಿ, ಅದೂ ತನ್ನ ಮಾತಿಗೆ ತಾನೇ ನಿಲ್ಲದ ಅಜ್ಜಿ," ಎಂದಿದ್ದರು. ಆದರೂ ಪುಸ್ತಕ ಬರೆದೆ. ಅದರಲ್ಲಿ ತೋಟದ ದೊರೆಗಳನ್ನು, ಮೇಸ್ತ್ರಿಗಳನ್ನು, ಎರಡೂ ದಡದ ಸರ್ಕಾರಗಳನ್ನು ನಿಲ್ಲಿಸಿ ಬೈದೆ. ನಮ್ಮ ಮನೆಯ ವಿಷಯ ಎರಡು ಸಾಲು. ಆ ಎರಡು ಸಾಲನ್ನು ಬರೆಯುವಾಗಲೂ ಎಡೆಯ ದಿನ ಬಂದವನನ್ನು ಬಿಟ್ಟುಬಿಟ್ಟೆ.

ಎಡೆ ನಮ್ಮ ಮನೆಯಲ್ಲಿ ಪ್ರತಿ ವರ್ಷವೂ ಇತ್ತು, ಆದರೆ ತಾತನ ಎಲೆ ಇರಲಿಲ್ಲ. ಮಹಾಲಯ ಅಮಾವಾಸ್ಯೆಯ ದಿನ ಮನೆಯಲ್ಲಿ ಸತ್ತವರಿಗೆಲ್ಲ ಒಬ್ಬೊಬ್ಬರಿಗೂ ಒಂದೊಂದು ಎಲೆ ಹಾಕಿ ಅವರವರಿಗೆ ಇಷ್ಟವಾದದ್ದನ್ನು ಬಡಿಸುವುದು ನಮ್ಮ ಕಡೆಯ ರೂಢಿ. ತಾತನ ಎಲೆ ಹಾಕಿದರೆ ತಾತ ಸತ್ತ ಹಾಗೆ. ತಾತ ಸತ್ತರೆ ಅಜ್ಜಿ ಬಳೆ ಒಡೆಯಬೇಕು. ಆದ್ದರಿಂದ ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಮೊಮ್ಮಗನಿಗೆ ತಾತನ ಹೆಸರಿಡುವ ಪದ್ಧತಿಯಿದ್ದರೂ ಬದುಕಿರುವವನ ಹೆಸರನ್ನು ತೆಗೆದುಕೊಳ್ಳಬಾರದೆಂದು ಅಜ್ಜಿ ನನಗೆ ಬೇರೆ ಹೆಸರಿಡಿಸಿದ್ದಳು. ಆಮೇಲೆ ನನ್ನ ಬೆನ್ನ ಹಿಂದೆ ಹುಟ್ಟಿದ ಎರಡು ಕೂಸುಗಳು ಹದಿನೈದು ದಿನ ದಾಟಲಿಲ್ಲ. ಎರಡನ್ನೂ ಹಿತ್ತಲ ಆಚೆ ಹೂತರು. ಅವ್ವ ಮತ್ತೆ ಬಸುರಾದಾಗ ಅಪ್ಪ ಭೀಮನಬೀಡಿನ ಕಡೆಗೆ ಹೋಗಿ ಶಾಸ್ತ್ರ ಹೇಳುವ ಒಬ್ಬ ಹೆಂಗಸನ್ನು ಕೇಳಿಕೊಂಡು ಬಂದ. ನಿಮ್ಮ ಮನೆಯವನೊಬ್ಬ ನೀರಿನಾಚೆ ಸತ್ತು ಹಸಿದುಕೊಂಡಿದ್ದಾನೆ, ಅನ್ನ ಕಾಣದೆ ಕೂಸುಗಳನ್ನು ಎಳೆದುಕೊಳ್ಳುತ್ತಿದ್ದಾನೆ ಎಂದು ಅವಳು ಹೇಳಿದಳಂತೆ. ಆ ದಿನದ ಜಗಳ ನನಗೆ ಕಿವಿಯಲ್ಲಿದೆ.

"ಸತ್ತೋನ್ಗೆ ಅನ್ನ ಇಕ್ದೆ ಓದ್ರೆ ಮನೆ ಉಳ್ದದಾ ಅವ್ವ?" ಎಂದ ಅಪ್ಪ.

"ಸತ್ತೋದ್ರು ಅಂತ ನಿನ್ಗ್ಯಾರ್ಲಾ ಏಳ್ದೋರು?" ಎಂದಳು ಅಜ್ಜಿ.

"ಮೂವತ್ತೊರ್ಸ ದಾಟ್ತು. ಒಂದ್ ಕಾಗ್ದ ಅದಾ?"

"ಕಾಗ್ದ ಬರ್ಯಕ್ಕೆ ಅವ್ರೇನ್ ಇಸ್ಕೂಲ್ ಮೇಷ್ಟ್ರಾ? ಎಬ್ಬೆಟ್ಟೊತ್ತೋರು ಕಣ್ಲಾ ಅವ್ರು. ನೀನ್ ಓದ್ದೋನಲ್ವಾ, ನೀನ್ ಬರ್ದಾ ಒಂದ್ ಕಾಗ್ದವಾ?"

ಅಷ್ಟು ಹೊತ್ತು ಒಲೆಯ ಮುಂದೆ ಬೆನ್ನು ಹಾಕಿ ಕೂತಿದ್ದ ಅವ್ವ ಎದ್ದು ಬಂದಳು. ಅಜ್ಜಿಯ ಮುಂದೆ ಅವಳು ತಲೆ ಎತ್ತಿ ಮಾತಾಡಿದ್ದನ್ನು ನಾನು ಅದೊಂದೇ ಸಲ ಕಂಡದ್ದು.

"ಅತ್ತೆ, ನಿಮ್ಮ್ ಕೈಬಳೆಗೆ ನನ್ನೆರ್ಡು ಮಕ್ಳು ಓದೊ. ಇದ್ನೂ ಕಳ್ಸ್ಬುಡನಾ?"

ಮಾರನೆಯ ದಿನ ಬೆಳಿಗ್ಗೆ ಅವಳು ಒರಳುಕಲ್ಲಿನ ಮುಂದೆ ಕೂತು, ಎರಡು ಕೈಯನ್ನೂ ಅದರ ಅಂಚಿಗೆ ಬಡಿದು ಬಳೆಗಳನ್ನು ಒಡೆದಳು. ಬೇರೆ ಹೆಂಗಸರು ಯಾರೂ ಇರಲಿಲ್ಲ. ಗಂಡ ಸತ್ತಾಗ ಸುತ್ತ ಕೂತು ಅಳುವವರು ಇರುತ್ತಾರೆ. ಅಜ್ಜಿ ಆ ಕೆಲಸವನ್ನು ರಾಗಿ ಕೇರುವ ಹಾಗೆ ಒಬ್ಬಳೇ ಮುಗಿಸಿದಳು. ಮುಂಗೈಯಲ್ಲಿ ಎರಡು ಕಡೆ ರಕ್ತ ಬಂದಿತ್ತು. ಚೂರುಗಳನ್ನು ಮೊರದಲ್ಲಿ ಗೋರಿಕೊಂಡು, "ಎಡೆ ಇಕ್ರಪ್ಪ," ಎಂದಳು. ಇದನ್ನು ನಾನು ಕಣ್ಣಾರೆ ನೋಡಿದೆನೆಂದು ಐವತ್ತು ವರ್ಷ ನಂಬಿದ್ದೆ. ಅತ್ತೆ ಹೇಳುವ ಪ್ರಕಾರ ನಾನು ಆಗ ಶಾಲೆಯಲ್ಲಿದ್ದೆ.

ಆ ವರ್ಷ ತಾತನ ಎಲೆ ಮೊದಲ ಸಲ ಬಿತ್ತು. ಅವನಿಗೆ ಇಷ್ಟವಾದದ್ದು ಏನೆಂದು ಅಜ್ಜಿಯನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅಪ್ಪ ಹೋಟೆಲಿನಿಂದ ಒಂದು ಲೋಟ ಟೀ ತಂದು ಎಲೆಯ ಪಕ್ಕದಲ್ಲಿಟ್ಟ. ಸಿಲೋನಿನಲ್ಲಿ ಸತ್ತವನಿಗೆ ಮತ್ತೇನು ಇಷ್ಟವಾದೀತು? ಕೋಳಿ ಸಾರು, ನಮ್ಮ ಕಡೆ ಹಿಟ್ಟು ಎನ್ನುವ ರಾಗಿಮುದ್ದೆ, ಒಡೆ, ಕಜ್ಜಾಯ, ಆಲೂಗಡ್ಡೆ ಪಲ್ಯ, ಹುರಿದ ಕಡಲೆಕಾಯಿ, ಒಂದು ಕಟ್ಟು ಬೀಡಿ. ಈಗ ನನ್ನ ಓದು ಸುಮ್ಮನಿರುವುದಿಲ್ಲ: ಸಾರಿನ ಮೆಣಸಿನಕಾಯಿ, ಆಲೂಗಡ್ಡೆ, ಕಡಲೆಕಾಯಿ, ಬೀಡಿಯ ಹೊಗೆಸೊಪ್ಪು ಎಲ್ಲವೂ ಹಡಗು ಹತ್ತಿ ಬಂದವುಗಳು. ಅವು ಬಂದು ನಮ್ಮವಾದವು, ಸತ್ತವರ ಎಲೆಯವರೆಗೂ ಹೋದವು. ಇಲ್ಲಿಂದ ಹಡಗು ಹತ್ತಿದ ಮನುಷ್ಯನಿಗೆ ಮಾತ್ರ ಹಾಗೆ ಒಳಗೆ ಬರುವ ದಾರಿ ಇರಲಿಲ್ಲ. ಅದಾದ ಎರಡು ತಿಂಗಳಿಗೆ ತಂಗಿ ಹುಟ್ಟಿದಳು. ಹದಿನೈದು ದಿನ ದಾಟಿತು, ತಿಂಗಳು ದಾಟಿತು, ಕೂಸು ಗುಂಡಗಾಯಿತು. ಚಿಕ್ಕತಾಯಿ ಎಂದು ಹೆಸರಿಟ್ಟರು. ಅಜ್ಜಿ ಬರಿಗೈಯಲ್ಲಿ ಅವಳನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುತ್ತಿದ್ದಳು.

ಮರುವರ್ಷದ ಎಡೆ. ಹೊತ್ತು ನೆತ್ತಿಯಿಂದ ಇಳಿದಿತ್ತು. ನಡುಮನೆಯಲ್ಲಿ ಎಲೆಗಳನ್ನು ಹಾಕಿ, ಹೊಸ ಪಂಚೆ ಸೀರೆ ಇಟ್ಟು, ಧೂಪ ಹಾಕಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬಂದರು. ಸತ್ತವರು ಬಂದು ಉಣ್ಣುವವರೆಗೂ ಮನೆಯವರು ಹೊರಗೇ ಇರಬೇಕು, ಒಳಗೆ ಇಣುಕಬಾರದು. ಅಪ್ಪ ಬಾಗಿಲ ಪಕ್ಕ ನಿಂತಿದ್ದ. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಅವ್ವ, ಚಾಮರಾಜನಗರದಿಂದ ಎಡೆಗೆಂದು ಬಂದಿದ್ದ ಅತ್ತೆ, ಗೋಡೆಗೆ ಒರಗಿ ಅಜ್ಜಿ, ಇವರು ಜಗುಲಿಯ ಮೇಲೆ. ನಾನು ಬೇಸರವಾಗಿ ರಸ್ತೆಯ ಬೇಲಿಯ ಹತ್ತಿರ ಹೋಗಿದ್ದೆ. ಗೂಡಲೂರಿನ ಬಸ್ಸು ನಿಂತಿತು. ಒಬ್ಬ ಮುದುಕ ಇಳಿದ, ಮಾಸಲು ಬಿಳಿ ಅಂಗಿ, ತಲೆಗೆ ವಸ್ತ್ರ. ಕಂಡಕ್ಟರು ಮೇಲಿನಿಂದ ಒಂದು ತಗಡಿನ ಪೆಟ್ಟಿಗೆಯನ್ನು ಇಳಿಸಿಕೊಟ್ಟ. ಅದನ್ನು ಹೊಂಗೆಮರದ ಬುಡದಲ್ಲಿಟ್ಟು ಆತ ನನ್ನ ಹತ್ತಿರ ಬಂದ. ಮಾತು ನಮ್ಮದೇ, ರಾಗ ಮಾತ್ರ ತಮಿಳರದು.

"ಮಗ, ಪುಟ್ಟಮಾದನ ಮನೆ ಇದೇ ತಾನೇ?"

"ಊಂ ಕಣ."

"ಎಲ್ರೂ ಅವ್ರಾ ಮನೇಲಿ?"

"ಅವ್ರ. ಒಳಕ್ಕೋಗಂಗಿಲ್ಲ. ಸಿಲೋನ್ ತಾತ ಉಣ್ತಾವ್ರ."

"ಯಾವ್ ತಾತ?"

"ಅದೇ, ಪುಟ್ಟಮಾದ. ಸತ್ತೋಗವ್ರಲ್ಲ."

ಆತ ಮುಚ್ಚಿದ ಬಾಗಿಲನ್ನು ನೋಡಿದ. ಜಗುಲಿಯ ಮೇಲಿದ್ದವರನ್ನು ನೋಡಿದ.

"ಯಾವಾಗ ಸತ್ತೋದ?"

"ಓದೊರ್ಸ," ಎಂದೆ. ಎಡೆ ಇಟ್ಟದ್ದು ಹೋದ ವರ್ಷದಿಂದ. ನನ್ನ ಲೆಕ್ಕದಲ್ಲಿ ಸಾವೂ ಅದೇ.

ಆತ ಪೆಟ್ಟಿಗೆಯನ್ನು ಮರದ ಹತ್ತಿರವೇ ಬಿಟ್ಟು ಜಗುಲಿಗೆ ಬಂದ. ಅಪ್ಪ ಕೆಳಗಿಳಿದು ಯಾರು, ಯಾವೂರು ಎಂದು ಕೇಳಿದ. ಗೂಡಲೂರಿನ ಟೀ ತೋಟದ ಲೈನಿನಿಂದ, ಅಂದರೆ ಆಳುಗಳ ಸಾಲುಮನೆಯಿಂದ ಬಂದವನು, ಸಿಲೋನಿನಿಂದ ವಾಪಸು ಕಳಿಸಿದವರನ್ನು ಸರ್ಕಾರದವರು ಅಲ್ಲಿಟ್ಟಿದ್ದಾರೆ ಎಂದ ಆತ.

"ಅಲ್ಲಿ ನಮ್ಮಪ್ಪ..." ಎಂದ ಅಪ್ಪ.

"ಆಮಾ. ಒಂದೇ ತೋಟ. ಅವನ್ ಜೊತೆಗಾರ ನಾನು. ಸತ್ತೋದ. ಅದ್ನ ಏಳ್ಬುಟ್ಟು ಓಗನ ಅಂತ ಬಂದೆ."

"ಯಾವಾಗ?"

"ಓದೊರ್ಸ."

ಅವ್ವ ಕೂಸನ್ನು ಎದೆಗೆ ಒತ್ತಿಕೊಂಡು ಜೋರಾಗಿ ಅತ್ತಳು. ಅದು ದುಃಖದ ಅಳುವಾಗಿರಲಿಲ್ಲ. "ನೋಡುದ್ರಾ, ಶಾಸ್ತ್ರದವ್ಳು ಏಳಿದ್ದು ಸುಳ್ಳಾಯ್ತಾ, ನೋಡುದ್ರಾ," ಎಂದು ಎಲ್ಲರಿಗೂ ಹೇಳುತ್ತಿದ್ದಳು. ಅಪ್ಪ ಕೆಮ್ಮಿ, ಮೂರು ಸಲ ಕದ ತಟ್ಟಿ ಬಾಗಿಲು ತೆಗೆದ. ಎಡೆಯ ಹೊತ್ತಿನಲ್ಲಿ ಬಂದವರನ್ನು ಉಪವಾಸ ಕಳಿಸಬಾರದೆಂಬುದು ಎಲ್ಲರಿಗೂ ಗೊತ್ತಿತ್ತು. ಅವ್ವ ಬೇರೆ ಎಲೆ ತೊಳೆಯಲು ಹೊರಟಳು. ಅಜ್ಜಿ ತಡೆದಳು. ಅವಳೇ ಒಳಗೆ ಹೋಗಿ, ಸಾಲಿನಲ್ಲಿ ತಾತನಿಗೆ ಹಾಕಿದ್ದ ಎಲೆಯನ್ನು ಸಾರು ಚೆಲ್ಲದ ಹಾಗೆ ಎರಡು ಕೈಯಲ್ಲಿ ಎತ್ತಿ ತಂದು, ಗಾಜಿನ ಹೆಂಚಿನ ಕೆಳಗೆ ಕೂತಿದ್ದ ಆತನ ಮುಂದೆ ಇಟ್ಟಳು. ಮುಂಗೈ ಕಾಣದ ಹಾಗೆ ಸೆರಗನ್ನು ಎಳೆದುಕೊಂಡಿದ್ದಳು.

ಅತ್ತೆ ಬಾಯಿಬಡುಕಿ, ಅವಳಿಗೆ ಸುಮ್ಮನಿರಲು ಆಗದು. "ನಮ್ಮಪ್ಪ ಅಲ್ಲಿ ದೊರೆಯಾಗ್ಬುಟ್ಟಿದ್ನಾ ಎಂಗೆ, ನಮ್ಮನ್ನೆಲ್ಲ ಮರ್ತು?" ಎಂದಳು.

"ದೊರೆ ಬಂಗ್ಲೆ ಮೆಟ್ಲು ತೊಳೀತಿದ್ದ ಕಣವ್ವ. ದೊರೆ ಇಳ್ಯಾಗ ಬದೀಕ್ ನಿಂತ್ಕಬೇಕು. ಅಷ್ಟೇ ದೊರೆತನ."

"ಮತ್ತೆ ಬರಕ್ಕೇನಾಗಿತ್ತು ದಾಡಿ?"

"ಮೊದ್ಲು ಮೇಸ್ತ್ರಿ ಬುಡ್ಲಿಲ್ಲ. ಆಮೇಕ್ಕೆ ಮಕ್ಳು ಬುಡ್ಲಿಲ್ಲ. ಆಮೇಕ್ಕೆ ನೀನು ಅಲ್ಲಿಯವ್ನೋ ಇಲ್ಲಿಯವ್ನೋ ಅಂದ್ರು, ಅಲ್ಲೂ ಕಾಗ್ದ ಇಲ್ಲ ಇಲ್ಲೂ ಕಾಗ್ದ ಇಲ್ಲ. ಆಮೇಕ್ಕೆ ನಡೀರಿ ಅಂತ ಅವ್ರೇ ಹಡಗು ಹತ್ಸುದ್ರು."

"ಅವ್ರಿಗೆ ಅಲ್ಲಿ ಮಕ್ಕಳಾಗಿದ್ವಾ?" ಅಜ್ಜಿ ಮೊದಲ ಸಲ ಬಾಯಿ ಬಿಟ್ಟಳು.

"ಮೂರು."

"ಅವ್ಳು?"

"ಹಡಗು ಹತ್ತಕ್ ಮುಂಚೇನೇ ಓಗ್ಬುಟ್ಲು."

"ಮಕ್ಳಿಗೆ ನಮ್ಮ್ ಮಾತು ಬಂದದಾ?"

"ಇಲ್ಲ."

ಟೀ ಲೋಟವನ್ನು ಆತ ಬೆರಳಿನಿಂದ ದೂರ ಸರಿಸಿದ. ಆಮೇಲೆ ಹಿಟ್ಟನ್ನು ಮುರಿದ. ನಾನು ಈಗಲೂ ತಿರುಗಿ ತಿರುಗಿ ಹೋಗುವುದು ಈ ಗಳಿಗೆಗೆ. ರಾಗಿಹಿಟ್ಟನ್ನು ನಮ್ಮವರು ಅಗಿಯುವುದಿಲ್ಲ. ಮೂರು ಬೆರಳಲ್ಲಿ ಮುರಿದು, ಉರುಟು ಮಾಡಿ, ಸಾರಿನಲ್ಲಿ ಹೊರಳಿಸಿ ನುಂಗುತ್ತಾರೆ. ಹೊರಗಿನವರಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಚಿಕ್ಕಂದಿನಲ್ಲಿ ಕಲಿಯದವರಿಗೆ ಅದು ಬರುವುದಿಲ್ಲ. ಆತ ತಲೆ ಬಗ್ಗಿಸಿಕೊಂಡು ಒಂದಾದ ಮೇಲೊಂದು ನುಂಗಿದ. ಗಂಟಲ ಗಂಟು ಏರಿ ಇಳಿಯುತ್ತಿತ್ತು. ಅಜ್ಜಿ ಅದನ್ನೇ ನೋಡುತ್ತಿದ್ದಳು. "ಇನ್ನೊಂದಿಟ್ಟು ಇಕ್ಕಿಸ್ಕಳಿ," ಎಂದಳು. ಆತ ಬೇಡವೆನ್ನಲಿಲ್ಲ. ಇದು ನಿಜವೇ? ಗಂಟಲ ಗಂಟನ್ನು ನಾನು ಆ ವಯಸ್ಸಿನಲ್ಲಿ ಗಮನಿಸಿದ್ದೆನೇ? ಅಥವಾ ಗುರುತಿಗೆ ಕಾಗದ ಸಿಗದ ಸಂಶೋಧಕ, ತನಗೆ ಬೇಕಾದ ಗುರುತನ್ನು ಒಬ್ಬ ಮುದುಕನ ಗಂಟಲಲ್ಲಿ ಕೂರಿಸಿದನೇ?

ಕೈ ತೊಳೆದುಕೊಂಡು ಆತ ಎದ್ದ. ಎಡೆಗೆ ಇಟ್ಟಿದ್ದ ಹೊಸ ಪಂಚೆಯನ್ನು ಅಪ್ಪ ಕೊಟ್ಟಾಗ ಎರಡು ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ಅವ್ವನ ಕಂಕುಳಲ್ಲಿದ್ದ ಕೂಸಿನ ತಲೆಯನ್ನು ಮುಟ್ಟಲು ಕೈ ಚಾಚಿದ. ಅವ್ವ ಒಂದು ಹೆಜ್ಜೆ ಹಿಂದಕ್ಕೆ ಹೋದಳು. ಯಾರೂ ಅವಳನ್ನು ಗದರಲಿಲ್ಲ. ಗೂಡಲೂರಿಗೆ ಹೋಗುವ ಬಸ್ಸು ಬರುವವರೆಗೂ ಆತ ಹೊಂಗೆಮರದ ಕೆಳಗೆ ಪೆಟ್ಟಿಗೆಯ ಮೇಲೆ ಕೂತಿದ್ದ, ನಮ್ಮ ಮನೆಗೆ ಬೆನ್ನು ಹಾಕಿಕೊಂಡು. ಸುದ್ದಿ ಹೇಳಿ ಹೋಗಲು ಬಂದವನು ಅಷ್ಟು ಭಾರದ ಪೆಟ್ಟಿಗೆಯನ್ನು ಯಾಕೆ ತಂದ ಎಂದು ನನಗೆ ಹೊಳೆದದ್ದು, ಎಷ್ಟೋ ವರ್ಷಗಳಾದ ಮೇಲೆ ಮೈಸೂರಿನ ಹಾಸ್ಟೆಲಿನಲ್ಲಿ ನನ್ನ ಪೆಟ್ಟಿಗೆಯನ್ನು ಇಳಿಸುವಾಗ.

ಆಗಲೇ ಗೂಡಲೂರಿಗೆ ಹೋದೆ. ತೋಟದ ಲೈನುಗಳಲ್ಲಿ ಒಂದು ವಾರ ಅಲೆದೆ. ಆ ವಯಸ್ಸಿನವನು, ಮೂರು ಮಕ್ಕಳ ತಂದೆ, ಹೆಂಡತಿ ಅಲ್ಲೇ ಸತ್ತವಳು ಎಂದು ಕೇಳುತ್ತ ಹೋದಾಗ ಒಂದು ಬಾಗಿಲು ಸಿಕ್ಕಿತು. ಮುದುಕ ತೀರಿಕೊಂಡು ಆಗಲೇ ಕೆಲವು ವರ್ಷ. ಅವನ ಮಗ ನನ್ನಷ್ಟೇ ಕಪ್ಪಗೆ, ನನ್ನ ಅಪ್ಪನಷ್ಟೇ ಎತ್ತರ. ಆದರೆ ಎತ್ತರ ಯಾವುದಕ್ಕೆ ಆಧಾರ? ಆತ ಹೊರಗೆ ತಂದು ತೋರಿಸಿದ ಚೀಟಿಯಲ್ಲಿ ಮುದುಕನ ಹೆಸರು ಮಾದವನ್ ಎಂದಿತ್ತು, ಹುಟ್ಟಿದ ಜಿಲ್ಲೆ ಸೇಲಂ ಎಂದಿತ್ತು. ನಿಮ್ಮ ಅಪ್ಪ ಕನ್ನಡ ಆಡುತ್ತಿದ್ದರೇ ಎಂದು ಕೇಳಿದೆ. ನಾವು ತಮಿಳರು ಎಂದ. ರಾಗಿ ತಿನ್ನುತ್ತಿದ್ದರೇ ಎಂದೆ. ಆತನ ಹೆಂಡತಿ ಒಳಗಿನಿಂದ ನಕ್ಕಳು. ಮಾವ ರಾಗಿಯ ವಾಸನೆ ಕಂಡರೆ ಎದ್ದು ಹೋಗುತ್ತಿದ್ದರಂತೆ. ನನಗೆ ಕುಡಿಯಲು ಟೀ ಕೊಟ್ಟರು. ಸಿಲೋನಿನಲ್ಲಿ ಅವರನ್ನು ಇಂಡಿಯಾದವರು ಎನ್ನುತ್ತಿದ್ದರಂತೆ, ಇಲ್ಲಿ ಸಿಲೋನಿನವರು ಎನ್ನುತ್ತಾರಂತೆ. ಇದನ್ನು ಆತ ದೂರಿನ ದನಿಯಲ್ಲಿ ಹೇಳಲಿಲ್ಲ, ಹವಾಮಾನದ ಮಾತಾಡಿದ ಹಾಗೆ ಹೇಳಿದ. ನಾನು ಅದನ್ನು ಬರೆದುಕೊಂಡೆ, ಪುಸ್ತಕದಲ್ಲಿ ಬಳಸಿದೆ. ಆತ ನನ್ನ ಚಿಕ್ಕಪ್ಪನಿರಬಹುದು, ನಾನು ಆತನ ಅಣ್ಣನ ಮಗನಿರಬಹುದು ಎಂಬುದನ್ನು ಹೇಳದೆ ಬಸ್ಸು ಹತ್ತಿದೆ. ಆಧಾರವಿಲ್ಲದೆ ಮಾತಾಡಬಾರದೆಂದು ಕಲಿತಿದ್ದೆನಲ್ಲ.

ಅಜ್ಜಿ, ಅಪ್ಪ, ಅವ್ವ ಈ ಕ್ರಮದಲ್ಲಿ ಹೋದರು. ಒಬ್ಬರನ್ನೂ ನಾನು ನೇರವಾಗಿ ಕೇಳಲಿಲ್ಲ. ಉಳಿದವಳು ಅತ್ತೆ. ಅವಳಿಗೆ ಈಗ ತೊಂಬತ್ತರ ಹತ್ತಿರ. ಚಾಮರಾಜನಗರದ ಅವಳ ಮನೆಯಲ್ಲೇ ನನ್ನ ತಂಗಿ ಚಿಕ್ಕತಾಯಿಯೂ ಇರುವುದು. ಅವಳು ಅಲ್ಲಿನ ಕಚೇರಿಯೊಂದರಲ್ಲಿ ಗುಮಾಸ್ತೆ, ಅತ್ತೆಯನ್ನು ನೋಡಿಕೊಳ್ಳುವವಳೂ ಅವಳೇ. ಇದನ್ನು ಬರೆಯಲು ಕೂತು, ಬರೆದದ್ದನ್ನೆಲ್ಲ ಹೊಡೆದುಹಾಕಿ, ಕೊನೆಗೆ ಹೋದ ತಿಂಗಳು ಒಂದು ಭಾನುವಾರ ಅಲ್ಲಿಗೆ ಹೋದೆ. ಅತ್ತೆ ಬಿಸಿಲಿಗೆ ಕಾಲು ಚಾಚಿ ಕೂತಿದ್ದಳು. ಕಿವಿ ಚೆನ್ನಾಗಿದೆ, ಬಾಯಿ ಇನ್ನೂ ಚೆನ್ನಾಗಿದೆ.

"ಅತ್ತೆ, ಅವತ್ತು ಎಡೆ ದಿನ ಬಂದಿದ್ನಲ್ಲ ಗೂಡಲೂರಿಂದ, ಅವನು ಯಾರು?"

"ಯಾರು ಅಂದ್ರೆ? ನಮ್ಮಪ್ಪ ಕಣಪ್ಪ."

ನಾನು ಐವತ್ತು ವರ್ಷ ಕಟ್ಟಿಕೊಂಡು ಬಂದ ಪ್ರಶ್ನೆಗೆ ಅವಳು ಕಾಲಿನ ಮೇಲಿನ ನೊಣ ಓಡಿಸುತ್ತ ಉತ್ತರ ಹೇಳಿದಳು.

"ನಿನಗೆ ಹೆಂಗೆ ಗೊತ್ತು? ತಾತ ಹೋದಾಗ ನೀನು ಕೂಸು."

"ಅವ್ವ ಏಳುದ್ಲು, ಅವತ್ತೇ. ಪಾತ್ರೆ ಉಜ್ಜಾಗ. 'ನಿಮ್ಮಪ್ಪ ಕಣಮ್ಮಿ, ಗುರ್ತು ಸಿಕ್ತು' ಅಂದ್ಲು. ನಿಮ್ಮಪ್ಪನ್ಗೂ ಗೊತ್ತಾಗಿತ್ತು. ಅವ್ನು ಕುಂತ್ಕಳಾ ರೀತೀಲೇ ನಿಮ್ಮಪ್ಪನೂ ಕುಂತ್ಕತಿದ್ದ, ನೋಡಿರ್ನಿಲ್ವಾ ನೀನು? ನಿಮ್ಮವ್ವನ್ಗೂ ಗೊತ್ತಿತ್ತು. ಎಲ್ರಿಗೂ ಗೊತ್ತಿತ್ತು. ನೀನು ಚಿಕ್ಕವ್ನು ಅಂತ ನಿನ್ಗೊಬ್ನಿಗೆ ಏಳ್ಲಿಲ್ಲ."

"ಗೊತ್ತಿದ್ದೂ ಕಳಿಸಿದ್ರಾ?"

"ಏನ್ ಮಾಡ್ಬೇಕಿತ್ತಪ್ಪ? ಅವ್ವ ಬಳೆ ಒಡ್ಕಂಡಾಗಿತ್ತು. ಎಡೆ ಇಕ್ಕಾಗಿತ್ತು. ಆ ಎಡೆಯಿಂದ್ಲೇ ಕೂಸು ಉಳೀತು ಅಂತ ನಿಮ್ಮವ್ವ ನಂಬ್ಕಂಡು ನಿಂತಿದ್ಲು. ಅವ್ನ್ ಬದ್ಕವ್ನ ಅಂದ್ರೆ ಎಡೆ ಸುಳ್ಳು, ಎಡೆ ಸುಳ್ಳಾದ್ರೆ ಕೂಸು? ಅವ್ನೂ ನೋಡ್ದ, ಕೂಸ್ನೂ ನೋಡ್ದ, ಅವ್ವನ್ ಕೈನೂ ನೋಡ್ದ. ಅವ್ನೇ ಸತ್ತೋದೆ ಅಂದ. ಸತ್ತೋದೆ ಅನ್ನೋನ್ನ ಯಾರ್ ಇಡ್ಕಂಡಾರು?"

ನಾನು ಬಾಯಿ ತೆರೆದೆ. ಸತ್ತಿದ್ದಾನೆಂದು ಅವನಿಗೆ ಹೇಳಿದವನು ನಾನು, ವರ್ಷವನ್ನೂ ನಾನೇ ಹೇಳಿಕೊಟ್ಟೆ ಎಂದು ಹೇಳಬೇಕಿತ್ತು. ಬಾಗಿಲ ಹತ್ತಿರ ಸದ್ದಾಯಿತು. ಅತ್ತೆ ನನ್ನ ಮೊಣಕಾಲನ್ನು ಒತ್ತಿ, "ಬುಡು, ಅವ್ಳ್ ಮುಂದೆ ಬ್ಯಾಡ. ಪಾಪ, ಅವ್ಳಿಗೇನೂ ಗೊತ್ತಿಲ್ಲ," ಎಂದಳು.

ಚಿಕ್ಕತಾಯಿ ಕಾಫಿ ಲೋಟಗಳನ್ನು ನೆಲದ ಮೇಲಿಟ್ಟಳು. ನಮ್ಮಿಬ್ಬರ ಮುಖವನ್ನೂ ನೋಡಿ, ಅತ್ತೆಯ ಸೆರಗನ್ನು ಸರಿಮಾಡಿ, ನನ್ನ ಎದುರಿಗೆ ಕೂತಳು. ಅವಳ ತಲೆಯೂ ಪೂರ್ತಿ ನೆರೆತಿದೆ.

"ಸಿಲೋನ್ ತಾತನ್ ವಿಷ್ಯ ತಾನೇ?" ಎಂದಳು. "ಅವ್ವ ಆಸ್ಪತ್ರೇಲಿ ಮಲಗಿದ್ದಾಗ ನನ್ನ ಕೈ ಇಡ್ಕಂಡು ದಿನಾ ಅದೇ ಏಳೋಳು. ನಿನ್ನ ಉಳಿಸ್ಕಳಕ್ಕೆ ಅವ್ರನ್ನ ಕಳಿಸ್ಬುಟ್ವಿ ಕಣಮ್ಮಿ, ಮುಟ್ಟಕ್ಕೂ ಬುಡ್ಲಿಲ್ಲ ಅಂತ. ಅವತ್ತಿಂದ ನಾನು ಎಡೆ ದಿನ ಊರಿಗೆ ಬರಾದ್ನೇ ಬುಟ್ಟೆ. ಆಪೀಸ್ನಲ್ಲಿ ರಜ ಸಿಗಲ್ಲ ಅಂತ ಪೋನಲ್ಲಿ ಏಳ್ತಿದ್ನಲ್ಲ, ಸುಳ್ಳು. ಆ ಎಲೆ ಮುಂದೆ ನಾನ್ ಎಂಗ್ ನಿಂತ್ಕಳ್ಲಿ?"

ಅತ್ತೆ ಗೋಡೆಯ ಕಡೆಗೆ ಮುಖ ತಿರುಗಿಸಿದಳು. ಚಿಕ್ಕತಾಯಿ ನನ್ನ ಲೋಟವನ್ನು ನನ್ನ ಹತ್ತಿರಕ್ಕೆ ಸರಿಸಿದಳು.

"ನಿನ್ ಪುಸ್ತಕ ಓದ್ದೆ ಅಣ್ಣ. ಬ್ರಿಟಿಷರು ಕಳಿಸಿದ್ರು, ಮೇಸ್ತ್ರಿ ಕಳಿಸಿದ, ಸರ್ಕಾರ ಕಳಿಸ್ತು ಅಂತ ಎಲ್ಲಾ ಚೆನ್ನಾಗೇ ಬರ್ದಿದ್ದೀಯ. ಅವ್ರು ಕಳಿಸಿದ್ರು, ನಿಜ. ತಾತ ವಾಪಸ್ ಬಂದಿದ್ರಲ್ಲಣ್ಣ."